ಬೆಂಗಳೂರಿಗೆ ಬಿಸಿನೆಸ್ ಕ್ಲಾಸ್, ಕಡಿಮೆ ದರದಲ್ಲಿ: ಸೇಲ್, ಏಜೆಂಟ್, ಮೈಲ್ಸ್, ಬಿಡ್ — ಯಾವ ದಾರಿ ಯಾರಿಗೆ?

ಅಮೆರಿಕದಲ್ಲಿರುವ ಕನ್ನಡಿಗರ ಮನೆಗಳಲ್ಲಿ ಶಾಲೆಗಳು ಮತ್ತೆ ತೆರೆದ ಕೂಡಲೇ ಊರಿನ ಟಿಕೆಟ್ಟಿನ ಮಾತು ಶುರುವಾಗುತ್ತದೆ. ಮಕ್ಕಳ ಡಿಸೆಂಬರ್ ರಜೆಗೆ ಬೆಂಗಳೂರಿಗೆ ಹೋಗಬೇಕು, ಇಲ್ಲವೇ ಅಪ್ಪ ಅಮ್ಮನನ್ನು ಇಲ್ಲಿಗೆ ಕರೆಸಿಕೊಳ್ಳಬೇಕು. ಎಪ್ಪತ್ತು ದಾಟಿದವರು ಎಕಾನಮಿಯಲ್ಲಿ ಇಪ್ಪತ್ತೆರಡು ಗಂಟೆ ಕುಳಿತು ಬರುವುದು ಕಷ್ಟ, ಬಿಸಿನೆಸ್ ಕ್ಲಾಸಿನ ದರ ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಆಗ ಒಬ್ಬರು ಪರಿಚಯದ ಏಜೆಂಟರ ನಂಬರು ಕೊಡುತ್ತಾರೆ, ಇನ್ನೊಬ್ಬರು ಕ್ರೆಡಿಟ್ ಕಾರ್ಡಿನ ಪಾಯಿಂಟ್ಸ್‌ನಲ್ಲೇ ಹೋಗಿಬಂದ ಕತೆ ಹೇಳುತ್ತಾರೆ, ಮತ್ತೊಬ್ಬರು ಎಕಾನಮಿ ಕೊಂಡು ಮೇಲಿನ ದರ್ಜೆಗೆ ಬಿಡ್ ಹಾಕಿ ನೋಡಿ ಎನ್ನುತ್ತಾರೆ. ಮೂವರೂ ಸುಳ್ಳು ಹೇಳುತ್ತಿಲ್ಲ. ಆದರೆ ಅವರವರ ಪ್ರಯಾಣಕ್ಕೆ ಹೊಂದಿದ್ದು ನಿಮ್ಮ ಪ್ರಯಾಣಕ್ಕೂ ಹೊಂದೀತು ಎನ್ನುವಂತಿಲ್ಲ.

ನಾನು ಈ ಲೆಕ್ಕಾಚಾರಕ್ಕೆ ಇಳಿದದ್ದು ಒಂದು ಜೊತೆ ಚಪ್ಪಲಿಯಿಂದ. ನನ್ನ ಬಾಣಂತನಕ್ಕೆಂದು ಬಂದ ಅಮ್ಮ ಸ್ಯಾನ್ ಫ್ರಾನ್ಸಿಸ್ಕೋ ನಿಲ್ದಾಣದ ಹೊರಬಾಗಿಲಿಗೆ ವೀಲ್‌ಚೇರಿನಲ್ಲಿ ಬಂದಾಗ ಅವರ ಪಾದಗಳು ಎಷ್ಟು ಊದಿಕೊಂಡಿದ್ದವೆಂದರೆ, ಬೆಂಗಳೂರಿನಲ್ಲಿ ಮೆಟ್ಟಿಕೊಂಡು ಹೊರಟ ಚಪ್ಪಲಿ ಕಾಲಿಗೆ ಹೋಗದೆ ಮಡಿಲಲ್ಲಿ ಕುಳಿತಿತ್ತು. ಹಾಗಾಗಿ ಈ ಬರಹದಲ್ಲಿ ಶಾಂಪೇನು, ಲೌಂಜುಗಳ ಮಾತಿಲ್ಲ. ಕಾಲು ನೀಡಿ ಮಲಗುವ ಸೌಕರ್ಯವನ್ನು ಎಷ್ಟು ಕಡಿಮೆಗೆ, ಎಷ್ಟು ನಿಶ್ಚಿಂತೆಯಿಂದ ಕೊಳ್ಳಬಹುದು ಎಂಬುದಷ್ಟೇ ಇಲ್ಲಿನ ವಿಷಯ. ಉದಾಹರಣೆಗೆ ನನಗೆ ಗೊತ್ತಿರುವ ಸ್ಯಾನ್ ಫ್ರಾನ್ಸಿಸ್ಕೋ–ಬೆಂಗಳೂರು ಮಾರ್ಗವನ್ನೇ ಹಿಡಿಯುತ್ತೇನೆ. ಲೆಕ್ಕ ತೋರಿಸಲು ಬಳಸಿರುವ ಡಾಲರ್ ಮೊತ್ತಗಳು ಕಲ್ಪಿತ. ನಿಮ್ಮ ದಿನಾಂಕದ ದರವನ್ನು ಅಲ್ಲಿ ಇಟ್ಟುಕೊಳ್ಳಿ.

ಮೊದಲು ಅಳತೆಗೋಲು

ನಾನು ಮೊದಲು ನೋಡುವುದು ಮಲಗುವ ಗಂಟೆಯ ಬೆಲೆಯನ್ನು. ಹೋಗಿಬರುವ ಎಕಾನಮಿ ಟಿಕೆಟ್ 1,500 ಡಾಲರ್, ಅದೇ ವಿಮಾನಗಳ ಬಿಸಿನೆಸ್ ಕ್ಲಾಸ್ 4,900 ಡಾಲರ್ ಎಂದಿಟ್ಟುಕೊಳ್ಳಿ. ನೀವು ಹೆಚ್ಚುವರಿಯಾಗಿ ಕೊಡುತ್ತಿರುವುದು 3,400. ದುಬೈ ಅಥವಾ ದೋಹಾ ಮೂಲಕ ಹೋದರೆ ಉದ್ದದ ಹಾರಾಟ ಒಂದು ದಿಕ್ಕಿಗೆ ಹದಿನೈದೂವರೆ ಗಂಟೆಯ ಆಸುಪಾಸು. ಎರಡೂ ದಿಕ್ಕು ಸೇರಿ 31 ಗಂಟೆ, ಅಂದರೆ ಗಂಟೆಗೆ ಸುಮಾರು 110 ಡಾಲರ್. ಫ್ರಾಂಕ್‌ಫರ್ಟ್ ಅಥವಾ ಲಂಡನ್ ಮೂಲಕ ಹೋದರೂ ಒಟ್ಟು ಹಾರಾಟದ ಗಂಟೆಗಳು ಹೆಚ್ಚುಕಡಿಮೆ ಅಷ್ಟೇ ಇರುತ್ತವೆ, ಆದರೆ ಅವು ಹತ್ತು ಹನ್ನೊಂದು ಮತ್ತು ಒಂಬತ್ತು ಹತ್ತು ಗಂಟೆಗಳ ಎರಡು ತುಂಡುಗಳಾಗುತ್ತವೆ. ಎರಡೂ ತುಂಡಿನಲ್ಲಿ ಊಟ, ತಿಂಡಿ, ದೀಪ ಹಾಕುವುದು, ಆರಿಸುವುದು ನಡೆದೇ ತೀರುವುದರಿಂದ ನಿಜವಾದ ನಿದ್ದೆ ಕಡಿಮೆ. ನಿದ್ದೆ ಬೇಕೆನ್ನುವವರಿಗೆ ಒಂದೇ ಉದ್ದದ ಹಾರಾಟ ಮೇಲು. ಮಧ್ಯದಲ್ಲಿ ಎದ್ದು ಎರಡು ಗಂಟೆ ಓಡಾಡಿದರೆ ಹಿತವೆನ್ನುವ ಹಿರಿಯರಿಗೆ ಯುರೋಪಿನ ದಾರಿ ಮೇಲು. ಕೊಲ್ಲಿಯಿಂದ ಬೆಂಗಳೂರಿಗಿರುವ ನಾಲ್ಕು ಗಂಟೆಯ ಹಾರಾಟಕ್ಕೆ ನಾನು ಬಿಸಿನೆಸ್ ಕ್ಲಾಸಿನ ಬೆಲೆಯನ್ನೇ ಕಟ್ಟುವುದಿಲ್ಲ.

ಇದರ ಜೊತೆಗೆ ದಿನಾಂಕ ಬದಲಿಸುವ ಅವಕಾಶ ಎಷ್ಟಿದೆ ಎಂಬುದನ್ನೂ ನೋಡಬೇಕು. ಬಾಣಂತನಕ್ಕೆ ಬಂದವರ ವಾಪಸು ದಿನಾಂಕ ಹೇಳಿದಂತೆ ಉಳಿದದ್ದನ್ನು ನಾನಂತೂ ಕಂಡಿಲ್ಲ. ಏನಾದರೂ ಎಡವಟ್ಟಾದರೆ ಟಿಕೆಟ್ಟಿನ ಹೊಣೆ ಯಾರದು ಎಂಬುದು ಇನ್ನೊಂದು ಪ್ರಶ್ನೆ. ನಡುವಿನ ನಿಲ್ದಾಣದ ವಿಚಾರ ಹಲವರಿಗೆ ಹೊಳೆಯುವುದೇ ಇಲ್ಲ. ಪಾಸ್‌ಪೋರ್ಟಿನಲ್ಲಿನ ಅಮೆರಿಕ ವೀಸಾ ಮುದ್ರೆಯ ಅವಧಿ ಮುಗಿದು, ಊರಿನಲ್ಲಿ ಹೊಸ ಸ್ಟಾಂಪಿಂಗ್ ಮಾಡಿಸಲು ಹೊರಟ ಎಚ್-1ಬಿ ನೌಕರರು ಯುರೋಪಿನ ಮೂಲಕ ಟಿಕೆಟ್ ಕೊಳ್ಳುವ ಮೊದಲು ಅಲ್ಲಿನ ಟ್ರಾನ್ಸಿಟ್ ವೀಸಾ ನಿಯಮವನ್ನು ಓದಲೇಬೇಕು. ದುಬೈ, ದೋಹಾ, ಅಬುಧಾಬಿ, ಸಿಂಗಪುರಗಳಲ್ಲಿ ಒಂದೇ ಟಿಕೆಟ್ಟಿನಲ್ಲಿ ನಿಲ್ದಾಣದೊಳಗೇ ವಿಮಾನ ಬದಲಿಸುವವರಿಗೆ ವೀಸಾದ ಗೊಡವೆಯಿಲ್ಲ. ಅಬುಧಾಬಿಯಲ್ಲಿ ಮತ್ತೊಂದು ವಿಶೇಷವಿದೆ. 2014ರಿಂದ ಅಲ್ಲೇ ಅಮೆರಿಕದ ಇಮಿಗ್ರೇಶನ್ ತಪಾಸಣೆ ಮುಗಿಯುತ್ತದೆ. ಚಿಕಾಗೋ, ನ್ಯೂಯಾರ್ಕ್, ವಾಷಿಂಗ್ಟನ್ನಿಗೆ ಇಳಿಯುವ ಅಪ್ಪ ಅಮ್ಮ ಸ್ಥಳೀಯ ಪ್ರಯಾಣಿಕರಂತೆ ನೇರವಾಗಿ ಹೊರಗೆ ಬರುತ್ತಾರೆ. ಆದರೆ ಅಧಿಕಾರಿಯ ಪ್ರಶ್ನೆಗಳಿಗೆ ನಡುರಾತ್ರಿ, ನಡುದಾರಿಯಲ್ಲಿ, ನೀವಿಲ್ಲದೆ ಉತ್ತರಿಸಬೇಕಾಗುತ್ತದೆ.

ಆಸನವೂ ಎಲ್ಲೆಡೆ ಒಂದೇ ಅಲ್ಲ. ಕತಾರ್‌ನ ಬಾಗಿಲಿರುವ ಕ್ಯೂಸೂಟ್ 2017ರಲ್ಲೇ ಬಂದರೂ ಆ ಸಂಸ್ಥೆಯ ಎಲ್ಲ ವಿಮಾನಗಳಲ್ಲಿ ಅದಿಲ್ಲ. ಎಮಿರೇಟ್ಸ್‌ನ ಹಳೆಯ ವಿನ್ಯಾಸದ ಬೋಯಿಂಗ್ 777 ವಿಮಾನದಲ್ಲಿ ಬಿಸಿನೆಸ್ ಕ್ಲಾಸಿನಲ್ಲೂ 2-3-2 ಸಾಲುಗಳಿದ್ದು, ನಡುವಿನವರು ಪಕ್ಕದವರನ್ನು ದಾಟಿಯೇ ಏಳಬೇಕು. ಮಾರ್ಗದ ಹೆಸರಿನ ಜೊತೆಗೆ ವಿಮಾನದ ಮಾದರಿ ಮತ್ತು ಆಸನ ನಕ್ಷೆಯನ್ನು ನೋಡಿ ಬೆಲೆ ಕಟ್ಟಿ.

ವಿಮಾನ ಸಂಸ್ಥೆಯ ಸ್ವಂತ ರಿಯಾಯಿತಿ

ಬಿಸಿನೆಸ್ ಕ್ಲಾಸ್ ಎಂಬುದು ಒಂದೇ ದರವಲ್ಲ. ಒಂದೇ ಕೋಣೆಯ ಆಸನಗಳನ್ನು ಸಂಸ್ಥೆಗಳು ಐದಾರು ಅಕ್ಷರಗಳ ಬುಟ್ಟಿಗಳಲ್ಲಿಟ್ಟು ಮಾರುತ್ತವೆ: ಲುಫ್ತಾನ್ಸಾ, ಯುನೈಟೆಡ್‌ನಂಥವರಲ್ಲಿ ಜೆ, ಸಿ, ಡಿ ಮೇಲಿನ ದರಗಳಾದರೆ ಜೆಡ್ ಮತ್ತು ಪಿ ರಿಯಾಯಿತಿಯವು. ಈ ಕೆಳಗಿನ ಬುಟ್ಟಿಗಳಿಗೆ ಮುಂಗಡ ಖರೀದಿ, ಕನಿಷ್ಠ ವಾಸ್ತವ್ಯ, ಬದಲಾವಣೆಯ ಶುಲ್ಕಗಳ ಷರತ್ತು ಕಟ್ಟಿರುತ್ತದೆ. ಅಗ್ಗದ ದರ ಎಂದರೆ ಆ ಬುಟ್ಟಿ ನಿಮ್ಮ ದಿನಾಂಕಕ್ಕೆ ಇನ್ನೂ ಖಾಲಿಯಾಗಿಲ್ಲ ಎಂದರ್ಥ. ಗೂಗಲ್ ಫ್ಲೈಟ್ಸ್‌ನಲ್ಲಿ ಬಿಸಿನೆಸ್ ಎಂದು ಆರಿಸಿ ಎರಡು ತಿಂಗಳ ಕ್ಯಾಲೆಂಡರ್ ತೆರೆದರೆ ಅದು ಎಲ್ಲಿ ಉಳಿದಿದೆ ಎಂಬುದು ಎದ್ದು ಕಾಣುತ್ತದೆ. ಮಕ್ಕಳ ಶಾಲೆಗೆ ಬಿಗಿದುಕೊಂಡವರಿಗೆ ಡಿಸೆಂಬರ್ ನಡುವಿನಲ್ಲಿ ಅದು ಸಿಗುವುದು ಅಪರೂಪ. ಫೆಬ್ರವರಿ, ಮಾರ್ಚ್‌ನಲ್ಲಿ ಅಥವಾ ಶಾಲೆ ತೆರೆದ ನಂತರದ ಸೆಪ್ಟೆಂಬರ್‌ನಲ್ಲಿ ಹೊರಡಬಲ್ಲ ನಿವೃತ್ತರಿಗೆ ಇದೇ ಸುಲಭದ ದಾರಿ.

ಈ ದಾರಿಯ ದೊಡ್ಡ ಬಲ ಹೊಣೆಗಾರಿಕೆ. ಟಿಕೆಟ್ ಸಂಸ್ಥೆಯದೇ ಆದ್ದರಿಂದ ಸಮಯ ಬದಲಾದರೂ ವಿಮಾನ ರದ್ದಾದರೂ ಮಾತನಾಡಬೇಕಾದವರು ಒಬ್ಬರೇ. ಅಮೆರಿಕದ ನಿಯಮದಂತೆ, ಹೊರಡಲು ಕನಿಷ್ಠ ಏಳು ದಿನ ಸಮಯವಿರುವಾಗ ಸಂಸ್ಥೆಯಿಂದಲೇ ನೇರವಾಗಿ ಕಾಯ್ದಿರಿಸಿದ ಟಿಕೆಟ್ಟನ್ನು 24 ಗಂಟೆಯೊಳಗೆ ದಂಡವಿಲ್ಲದೆ ರದ್ದುಮಾಡಬಹುದು, ಇಲ್ಲವೇ ಹಣ ಕೊಡದೆ ಅಷ್ಟು ಹೊತ್ತು ಹಿಡಿದಿಡಬಹುದು; ಎರಡರಲ್ಲಿ ಯಾವುದನ್ನು ಕೊಡಬೇಕೆಂಬುದು ಸಂಸ್ಥೆಯ ಆಯ್ಕೆ. ನಾನು ಇದನ್ನು ಯೋಚನೆಗೆ ಸಿಕ್ಕ ಒಂದು ರಾತ್ರಿ ಎಂದೇ ಬಳಸುತ್ತೇನೆ: ಮೊದಲು ಟಿಕೆಟ್, ಆಮೇಲೆ ಊರಿಗೆ ಫೋನ್.

ನೇರ ವಿಮಾನದ ಬಗ್ಗೆ ಒಂದು ಮಾತು. 2021ರ ಜನವರಿಯಲ್ಲಿ ಏರ್ ಇಂಡಿಯಾ ಮಹಿಳೆಯರೇ ನಡೆಸಿದ ವಿಮಾನದಿಂದ ಸ್ಯಾನ್ ಫ್ರಾನ್ಸಿಸ್ಕೋ–ಬೆಂಗಳೂರು ನೇರ ಹಾರಾಟ ಆರಂಭಿಸಿದಾಗ ನಮ್ಮಲ್ಲಿ ಹಬ್ಬವೇ ಆಗಿತ್ತು. ಆದರೆ ಇಂಥ ಅತಿ ಉದ್ದದ ಮಾರ್ಗಗಳು ಆಕಾಶದ ರಾಜಕಾರಣಕ್ಕೆ ಸಿಕ್ಕಿಕೊಂಡಿವೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ವಾಯುಪ್ರದೇಶವನ್ನು ಭಾರತದ ವಿಮಾನಗಳಿಗೆ ಮುಚ್ಚಿದ ಮೇಲೆ ಉತ್ತರ ಅಮೆರಿಕದ ಕೆಲವು ಹಾರಾಟಗಳು ಇಂಧನಕ್ಕಾಗಿ ವಿಯೆನ್ನಾ, ಕೋಪನ್‌ಹೇಗನ್‌ಗಳಲ್ಲಿ ಇಳಿಯಬೇಕಾಯಿತು. ಅದೇ ಸೆಪ್ಟೆಂಬರ್‌ನಲ್ಲಿ ದೆಹಲಿ–ವಾಷಿಂಗ್ಟನ್ ಮಾರ್ಗವೇ ನಿಂತಿತು. ನೇರ ಹಾರಾಟವನ್ನೇ ನೆಚ್ಚಿ ಹೋಲಿಕೆ ಮಾಡುವ ಮೊದಲು ನಿಮ್ಮ ತಿಂಗಳ ವೇಳಾಪಟ್ಟಿಯಲ್ಲಿ ಅದಿದೆಯೇ ನೋಡಿಕೊಳ್ಳಿ.

ಏಜೆಂಟರ ಟಿಕೆಟ್

ಫ್ರೀಮಾಂಟ್, ಎಡಿಸನ್‌ನಂಥ ಊರುಗಳಲ್ಲಿ ಅಂಗಡಿ ಇಟ್ಟಿರುವ, ಅಥವಾ ಫೋನಿನಲ್ಲೇ ವ್ಯವಹರಿಸುವ ಏಜೆಂಟರು ಹೇಳುವ ಕಡಿಮೆ ದರದಲ್ಲಿ ಮಾಯವೇನಿಲ್ಲ. ವಿಮಾನ ಸಂಸ್ಥೆಗಳು ಕೆಲವು ಸಗಟು ಮಾರಾಟಗಾರರೊಂದಿಗೆ ಒಪ್ಪಂದ ಮಾಡಿಕೊಂಡು, ಜಾಲತಾಣದಲ್ಲಿ ಪ್ರಕಟಿಸದ ದರಗಳನ್ನು ಅವರಿಗೆ ಕೊಡುತ್ತವೆ. ಈ ಕನ್ಸಾಲಿಡೇಟರುಗಳಿಂದ ಸಣ್ಣ ಏಜೆಂಟರಿಗೆ, ಅವರಿಂದ ನಿಮಗೆ ಅದು ದಾಟುತ್ತದೆ. ಬಿಸಿನೆಸ್ ಕ್ಲಾಸಿನಲ್ಲಿ ಈ ಉಳಿತಾಯ ಎಕಾನಮಿಗಿಂತ ಹೆಚ್ಚಾಗಿ ಕಾಣುತ್ತದೆ, ಏಕೆಂದರೆ ಕಡಿತಕ್ಕೆ ಅಲ್ಲಿ ಜಾಗ ಹೆಚ್ಚು.

ಆದರೆ ಉಳಿಸಿದ ಹಣಕ್ಕೆ ಪ್ರತಿಯಾಗಿ ನೀವು ಬಿಟ್ಟುಕೊಡುವುದು ಟಿಕೆಟ್ಟಿನ ಮೇಲಿನ ಹಿಡಿತವನ್ನು. ನಮ್ಮ ಅತ್ತೆ ಮಾವನವರಿಗೆ ಹೀಗೆ ಕೊಂಡ ಟಿಕೆಟ್ಟಿನಲ್ಲಿ ಮೊದಲ ವಿಮಾನದ ಸಮಯವನ್ನು ಸಂಸ್ಥೆ ಹಿಂದುಮುಂದು ಮಾಡಿದ್ದರಿಂದ ನಡುವೆ ಐವತ್ತು ನಿಮಿಷವಷ್ಟೇ ಉಳಿಯಿತು. ಸಂಸ್ಥೆಗೆ ಫೋನ್ ಮಾಡಿದರೆ ಟಿಕೆಟ್ ಏಜೆಂಟರ ಕೈಯಲ್ಲಿದೆ, ಅವರನ್ನೇ ಕೇಳಿ ಎಂದರು. ಏಜೆಂಟರ ಕಚೇರಿಯ ಫೋನ್ ಶುಕ್ರವಾರ ಸಂಜೆಯಿಂದ ಸೋಮವಾರ ಬೆಳಗಿನವರೆಗೆ ಯಾರೂ ಎತ್ತಲಿಲ್ಲ. ಕೊನೆಗೆ ಸರಿಹೋಯಿತು, ಆದರೆ ಆ ಎರಡು ದಿನ ಮಾವನವರು ಗಂಟೆಗೊಮ್ಮೆ ಫೋನ್ ಮಾಡಿ, “ಏನಂತಮ್ಮಾ, ಹೊರಡೋದೋ ಬಿಡೋದೋ?” ಎಂದು ಕೇಳುತ್ತಿದ್ದರು. ಉಳಿದ ನಾನೂರು ಡಾಲರಿಗೆ ಅದು ದುಬಾರಿಯಾಯಿತು ಎಂಬುದು ನನ್ನ ಅಭಿಪ್ರಾಯ. ನನ್ನ ಯಜಮಾನರು ಈಗಲೂ ಒಪ್ಪುವುದಿಲ್ಲ.

ಆದ್ದರಿಂದ ಹಣ ಕೊಡುವ ಮೊದಲೇ ದಿನಾಂಕ ಬದಲಿಸಲು ಸಂಸ್ಥೆಗೆಷ್ಟು, ಏಜೆಂಟರಿಗೆಷ್ಟು ಕೊಡಬೇಕು, ರದ್ದಾದರೆ ಹಣ ಯಾರಿಂದ ವಾಪಸು ಬರುತ್ತದೆ ಎಂದು ಕೇಳಿ, ಉತ್ತರವನ್ನು ಇಮೇಲಿನಲ್ಲಿ ತರಿಸಿಕೊಳ್ಳಿ. ಟಿಕೆಟ್ ಬಂದ ಮೇಲೆ ಹದಿಮೂರು ಅಂಕಿಗಳ ಟಿಕೆಟ್ ಸಂಖ್ಯೆಯನ್ನು ನೋಡಿ. ಅದರ ಮೊದಲ ಮೂರು ಅಂಕಿ ಹೊರಡಿಸಿದ ಸಂಸ್ಥೆಯನ್ನು ಹೇಳುತ್ತದೆ: 098 ಏರ್ ಇಂಡಿಯಾ, 157 ಕತಾರ್, 176 ಎಮಿರೇಟ್ಸ್, 220 ಲುಫ್ತಾನ್ಸಾ, 618 ಸಿಂಗಪುರ. ಬುಕಿಂಗ್ ಸಂಕೇತ ಮಾತ್ರ ಬಂದು ಈ ಸಂಖ್ಯೆ ಬಂದಿಲ್ಲವೆಂದರೆ ಆಸನ ಹಿಡಿದಿದೆ, ಟಿಕೆಟ್ ಇನ್ನೂ ಆಗಿಲ್ಲ.

ಅರ್ಧಕ್ಕರ್ಧ ಬೆಲೆ ಎಂದು ಬರುವ ಕೆಲವು ಟಿಕೆಟ್ಟುಗಳು ಸಗಟು ದರದವೂ ಅಲ್ಲ. ಬೇರೆ ಯಾರದೋ ಮೈಲ್ಸ್, ಅಂದರೆ ವಿಮಾನ ಸಂಸ್ಥೆಯ ಖಾತೆಯಲ್ಲಿ ಕೂಡುವ, ಟಿಕೆಟ್ಟಿಗೆ ಬಳಸಬಹುದಾದ ಅಂಕಗಳನ್ನು, ಕೊಂಡು ದಲ್ಲಾಳಿಗಳು ನಿಮ್ಮ ಹೆಸರಿಗೆ ಮಾಡಿಸಿದವು. ಮೈಲ್ಸ್ ಮಾರುವುದನ್ನು ವಿಮಾನ ಸಂಸ್ಥೆಗಳು ನಿಷೇಧಿಸಿವೆ, ಗೊತ್ತಾದರೆ ಟಿಕೆಟ್ ರದ್ದು. ಸ್ಟಾರ್ ಅಲಯನ್ಸ್ ಎಂಬ ಸಂಸ್ಥೆಗಳ ಕೂಟದ ವಿಮಾನಗಳಲ್ಲಿ ಬುಕಿಂಗ್ ಅಕ್ಷರ ‘ಐ’, ಒನ್‌ವರ್ಲ್ಡ್‌ನಲ್ಲಿ ‘ಯು’ ಎಂದಿದ್ದರೆ, ಅಥವಾ ಯಾರಾದರೂ ಕೇಳಿದರೆ ಸಂಬಂಧಿಕರು ಕೊಡಿಸಿದರು ಎನ್ನಿ ಎಂದು ಮಾರಿದವರೇ ಹೇಳಿಕೊಟ್ಟರೆ, ಅದು ಇದೇ ಸರಕು. ಇಂಗ್ಲಿಷ್ ತಡವರಿಸುವ ಅಪ್ಪ ಅಮ್ಮನನ್ನು ಇಂಥ ಟಿಕೆಟ್ಟಿನಲ್ಲಿ ಕಳಿಸುವುದನ್ನು ನಾನು ಎಷ್ಟೇ ಕಡಿಮೆಗೆ ಸಿಕ್ಕರೂ ಒಪ್ಪುವುದಿಲ್ಲ.

ನಿಮ್ಮದೇ ಮೈಲ್ಸ್

ನನ್ನ ಮಟ್ಟಿಗೆ ಅತ್ಯುತ್ತಮ ರಿಯಾಯಿತಿ ಇಲ್ಲಿದೆ, ಆದರೆ ಅದು ತಾಳ್ಮೆ ಇದ್ದವರಿಗೆ ಮಾತ್ರ. ಚೇಸ್, ಅಮೆಕ್ಸ್, ಸಿಟಿ, ಕ್ಯಾಪಿಟಲ್ ಒನ್ ಕಾರ್ಡುಗಳ ಪಾಯಿಂಟ್ಸ್‌ಗಳನ್ನು ವಿಮಾನ ಸಂಸ್ಥೆಗಳ ಖಾತೆಗೆ ವರ್ಗಾಯಿಸಬಹುದು, ಆದರೆ ಒಮ್ಮೆ ಹೋದದ್ದು ಹಿಂದಕ್ಕೆ ಬಾರದು. ಆಸನ ಕಣ್ಣೆದುರು ಕಾಣುವವರೆಗೆ ವರ್ಗಾಯಿಸಬೇಡಿ.

ಎಷ್ಟು ಮೈಲ್ಸ್ ಬೇಕು ಎಂಬುದರಷ್ಟೇ, ಜೊತೆಗೆ ಎಷ್ಟು ನಗದು ಕೇಳುತ್ತಾರೆ ಎಂಬುದೂ ಮುಖ್ಯ. ಏರ್ ಕೆನಡಾದ ಮೈಲ್ಸ್ ಯೋಜನೆಯಾದ ಏರೋಪ್ಲಾನ್ 2020ರ ನವೆಂಬರ್‌ನಿಂದ ಇಂಧನ ಸರ್‌ಚಾರ್ಜ್ ಹಾಕುವುದನ್ನು ಬಿಟ್ಟಿದೆ. ಲುಫ್ತಾನ್ಸಾದಲ್ಲಿ ಕೂತರೂ ತೆರಿಗೆ ಮತ್ತು ಸಣ್ಣ ಶುಲ್ಕವಷ್ಟೇ. ಬ್ರಿಟಿಷ್ ಏರ್‌ವೇಸ್‌ನ ಏವಿಯೋಸ್ ಎಂಬ ಮೈಲ್ಸ್ ಬಳಸಿ ಅದೇ ಸಂಸ್ಥೆಯ ಬಿಸಿನೆಸ್ ಕ್ಲಾಸಿನಲ್ಲಿ ಹೋದರೆ ಸರ್‌ಚಾರ್ಜ್ ನೂರಾರು ಡಾಲರ್. ಅಮೆರಿಕನ್ ಏರ್‌ಲೈನ್ಸ್‌ನ ಮೈಲ್ಸ್‌ನಲ್ಲಿ ಕತಾರ್ ಮೂಲಕ ಭಾರತಕ್ಕೆ ಒಂದು ದಿಕ್ಕಿಗೆ ವರ್ಷಗಳಿಂದ 70,000 ಎಂಬುದು ನಮ್ಮ ಗೆಳೆಯರ ಬಳಗದಲ್ಲಿ ಗಾದೆಯಂತಾಗಿದೆ. ಸೀಟು ಸಿಕ್ಕವರು ಮಾತ್ರ ಅದನ್ನು ಹೇಳಿಕೊಳ್ಳುತ್ತಾರೆ ಎಂಬುದನ್ನೂ ಸೇರಿಸಬೇಕು. ಸಿಂಗಪುರ ಏರ್‌ಲೈನ್ಸ್‌ನ ಆಸನ ಬೇಕಿದ್ದರೆ ಬಹುಪಾಲು ಅವರದೇ ಕ್ರಿಸ್‌ಫ್ಲೈಯರ್ ಮೈಲ್ಸ್ ಬೇಕು, ಮತ್ತು ಅಪ್ಪ ಅಮ್ಮನ ಹೆಸರನ್ನು ಮೊದಲೇ ನಾಮಿನಿಗಳ ಪಟ್ಟಿಗೆ ಸೇರಿಸಿರಬೇಕು.

ಈ ಸೀಟುಗಳು ಹೊರಡುವ ದಿನಕ್ಕೆ ಸುಮಾರು ಹನ್ನೊಂದು ತಿಂಗಳ ಮುಂಚೆ ಒಮ್ಮೆ, ಕೊನೆಯ ಎರಡು ವಾರಗಳಲ್ಲಿ ಇನ್ನೊಮ್ಮೆ ಕಾಣಿಸಿಕೊಳ್ಳುವುದು ಹೆಚ್ಚು. ಒಬ್ಬರಿಗೆ, ಇಬ್ಬರಿಗೆ ಸಿಗುತ್ತವೆ. ಡಿಸೆಂಬರ್ ರಜೆಯಲ್ಲಿ ನಾಲ್ವರ ಕುಟುಂಬಕ್ಕೆ ಒಟ್ಟಿಗೆ ಸಿಕ್ಕರೆ ಅದು ಲಾಟರಿ. ಇವುಗಳ ಗುಣ ಎರಡು. ಒಂದು ದಿಕ್ಕಿಗೆ ಮಾತ್ರ ಕೊಂಡರೂ ಬೆಲೆ ಅರ್ಧವೇ ಆಗಿರುತ್ತದೆ, ನಗದಿನ ಟಿಕೆಟ್ಟಿನಲ್ಲಿ ಅನೇಕ ವೇಳೆ ಹಾಗಿರುವುದಿಲ್ಲ. ಮತ್ತು ಬಹಳಷ್ಟು ಸಂಸ್ಥೆಗಳು ಸಣ್ಣ ಶುಲ್ಕ ಹಿಡಿದು ಮೈಲ್ಸ್ ಹಿಂದಿರುಗಿಸುತ್ತವೆ. ದಿನಾಂಕ ಖಚಿತವಿಲ್ಲದ ಹಿರಿಯರ ಪ್ರಯಾಣಕ್ಕೆ ಇದಕ್ಕಿಂತ ಹೊಂದುವ ಟಿಕೆಟ್ ನನಗೆ ಗೊತ್ತಿಲ್ಲ.

ಬೆಲೆ ಕಟ್ಟುವಾಗ ನಮಗೆ ನಾವೇ ಮೋಸ ಮಾಡಿಕೊಳ್ಳುವುದು ಸುಲಭ. 2,600 ಡಾಲರಿನ ಟಿಕೆಟ್ಟನ್ನು 85,000 ಪಾಯಿಂಟ್ಸ್ ಮತ್ತು 60 ಡಾಲರಿಗೆ ಪಡೆದರೆ ಪಾಯಿಂಟಿಗೆ ಸುಮಾರು ಮೂರು ಸೆಂಟ್ ಬಂತೆಂದು ಹಿಗ್ಗುತ್ತೇವೆ. ಪಾಯಿಂಟ್ಸ್ ಇಲ್ಲದಿದ್ದರೆ ನೀವು ನಿಜಕ್ಕೂ ಕೊಳ್ಳುತ್ತಿದ್ದುದು 1,500ರ ಪ್ರೀಮಿಯಂ ಎಕಾನಮಿಯಾಗಿದ್ದರೆ ಸಿಕ್ಕದ್ದು 1.7 ಸೆಂಟ್ ಅಷ್ಟೇ. ಅದೂ ಒಳ್ಳೆಯದೇ, ಒಂದು ಸೆಂಟಿಗೆ ಇಳಿದರೆ ಮಾತ್ರ ಕ್ಯಾಶ್‌ಬ್ಯಾಕ್ ತೆಗೆದುಕೊಂಡು ಸುಮ್ಮನಿರಿ.

ಬಿಡ್ ಮತ್ತು ಪ್ರೀಮಿಯಂ ಎಕಾನಮಿ

ಎಕಾನಮಿ ಟಿಕೆಟ್ ಕೊಂಡವರಿಗೆ ಸಂಸ್ಥೆಯೇ ಇಮೇಲ್ ಕಳಿಸಿ, ಮೇಲಿನ ದರ್ಜೆಗೆ ಎಷ್ಟು ಕೊಡುತ್ತೀರಿ ಎಂದು ಕೇಳುತ್ತದೆ. ಬಿಡ್ ತಲೆಗಿಷ್ಟು, ಹಾರಾಟಕ್ಕಿಷ್ಟು. ಒಂದೇ ಬುಕಿಂಗ್‌ನಲ್ಲಿರುವವರೆಲ್ಲರಿಗೂ ಅನ್ವಯ. ಉತ್ತರ ಬರುವುದು ಹೊರಡುವ ಒಂದೆರಡು ದಿನ ಮುಂಚೆ. ಗೆದ್ದರೂ ಅನೇಕ ಕಡೆ ಲಗೇಜು ಹಳೆಯ ಟಿಕೆಟ್ಟಿನ 23 ಕೆ.ಜಿ.ಯದ್ದೇ, ಬಿಸಿನೆಸ್ ಕ್ಲಾಸಿನ 32 ಕೆ.ಜಿ. ನಂಬಿ ಹುಳಿಪುಡಿ, ಉಪ್ಪಿನಕಾಯಿ ತುಂಬಿಸಿದರೆ ಕೌಂಟರಿನಲ್ಲಿ ಪೆಟ್ಟಿಗೆ ಬಿಚ್ಚಬೇಕಾದೀತು. ಏಜೆಂಟರ ಟಿಕೆಟ್ಟುಗಳಿಗೂ ತೀರಾ ಅಗ್ಗದ ದರಗಳಿಗೂ ಈ ಅವಕಾಶ ಇಲ್ಲದಿರಬಹುದು. ಒಬ್ಬರೇ ಹೋಗುವ, ಸಿಗದಿದ್ದರೂ ಪರವಾಗಿಲ್ಲ ಎನ್ನುವ ನಲವತ್ತರ ಪ್ರಾಯದವರು ಉದ್ದದ ಹಾರಾಟಕ್ಕೆ ಮಾತ್ರ ಬಿಡ್ ಹಾಕಿ, ಮೊತ್ತವನ್ನು ಗಂಟೆಯ ಲೆಕ್ಕದಲ್ಲಿ ನೋಡಿಕೊಳ್ಳಬಹುದು. ಮಂಡಿ ನೋವಿನ ತಾಯಿಗೆ ಇದು ದಾರಿಯಲ್ಲ.

ಪ್ರೀಮಿಯಂ ಎಕಾನಮಿಯಲ್ಲಿ ಮಂಡಿಗೆ ಜಾಗವಿದೆ, ಹಾಸಿಗೆ ಇಲ್ಲ. ಎಮಿರೇಟ್ಸ್ 2023ರ ಅಕ್ಟೋಬರ್‌ನಿಂದ ಬೆಂಗಳೂರಿಗೂ ಇದನ್ನು ತಂದಿದೆ. ಲುಫ್ತಾನ್ಸಾ, ಸಿಂಗಪುರ, ಏರ್ ಇಂಡಿಯಾಗಳಲ್ಲೂ ಇದೆ. ಹಗಲು ಹಾರಾಟಕ್ಕೆ, ಅಥವಾ ಬಜೆಟ್ ಎರಡು ಸಾವಿರದ ಮೇಲೆ ಏರದವರಿಗೆ ಇದು ಮರ್ಯಾದೆಯ ಆಯ್ಕೆ.

ಟಿಕೆಟ್ ಎಲ್ಲಿಂದ ಹೊರಡುತ್ತದೆ

ಬೆಂಗಳೂರಿನಿಂದ ಹೊರಟು ವಾಪಸಾಗುವ ಟಿಕೆಟ್ಟಿಗೂ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು ವಾಪಸಾಗುವ ಟಿಕೆಟ್ಟಿಗೂ ಅದೇ ವಿಮಾನ, ಅದೇ ಆಸನವಿದ್ದರೂ ದರ ಬೇರೆ. ಸಂಸ್ಥೆಗಳು ಪ್ರಯಾಣ ಆರಂಭವಾಗುವ ಮಾರುಕಟ್ಟೆಗೆ ತಕ್ಕಂತೆ ಬೆಲೆ ಇಡುತ್ತವೆ. ಭಾರತದಿಂದ ಹೊರಡುವ ಬಿಸಿನೆಸ್ ಕ್ಲಾಸಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ 12ರಿಂದ 18 ಶೇಕಡಕ್ಕೆ ಏರಿದೆ, ಎಕಾನಮಿಗೆ 5 ಶೇಕಡವೇ ಉಳಿದಿದೆ. ಆದ್ದರಿಂದ ತೆರಿಗೆ ಸೇರಿದ ಕೊನೆಯ ಮೊತ್ತವನ್ನೇ ಹೋಲಿಸಬೇಕು. ವರ್ಷಕ್ಕೊಮ್ಮೆ ತಪ್ಪದೆ ಊರಿಗೆ ಹೋಗುವವರು ಒಮ್ಮೆ ಮೈಲ್ಸ್‌ನಲ್ಲಿ ಒಂದು ದಿಕ್ಕಿಗೆ ಹೋಗಿ, ಅಲ್ಲಿಂದ ಮುಂದಕ್ಕೆ ಬೆಂಗಳೂರಿನಿಂದ ಹೊರಡುವ ಟಿಕೆಟ್ಟುಗಳನ್ನೇ ಕೊಳ್ಳುತ್ತಾ ಹೋಗಬಹುದು. ವಾಪಸು ಭಾಗದ ಅವಧಿ ಸಾಮಾನ್ಯವಾಗಿ ಒಂದು ವರ್ಷ. ಆದರೆ ಅಗ್ಗವೆಂದು ಯಾವ ಟಿಕೆಟ್ಟಿನ ಮೊದಲ ಭಾಗವನ್ನೂ ಬಿಟ್ಟು ಎರಡನೆಯದಕ್ಕೆ ಹೋಗಿ ನಿಲ್ಲಬೇಡಿ, ಮೊದಲನೆಯದಕ್ಕೆ ಹತ್ತದಿದ್ದರೆ ಉಳಿದದ್ದು ರದ್ದಾಗುತ್ತದೆ.

ಅಪ್ಪ ಅಮ್ಮನಿಗೆ ಈಗ ನಾನು ಮಾಡುವುದು ಹೀಗೆ: ಬರುವಾಗ, ದಿನ ಗೊತ್ತಿರುವುದರಿಂದ, ಎರಡೂ ಕಡೆಯ ದರ ನೋಡಿ ಸಂಸ್ಥೆಯಿಂದಲೇ ನೇರವಾಗಿ ನಗದು ಟಿಕೆಟ್, ಹೋಗುವಾಗ, ದಿನ ಗೊತ್ತಿಲ್ಲದಿರುವುದರಿಂದ, ಮೈಲ್ಸ್. ಒಂದು ದಿಕ್ಕಿನ ನಗದು ದರ ವಿಪರೀತವಿದ್ದರೆ ಎರಡೂ ದಿಕ್ಕಿಗೆ ಮೈಲ್ಸ್ ಹುಡುಕುತ್ತೇನೆ, ಅದೂ ಇಲ್ಲದಿದ್ದರೆ ಹೋಗಿಬರುವ ರಿಯಾಯಿತಿ ದರವನ್ನು ಕೊಂಡು ಬದಲಾವಣೆಯ ಶುಲ್ಕಕ್ಕೆ ಹಣ ತೆಗೆದಿಡುತ್ತೇನೆ. ಒಂದೇ ದಿಕ್ಕಿಗೆ ಸಾಕಾಗುವಷ್ಟು ಮೈಲ್ಸ್ ಇದ್ದರೆ ರಾತ್ರಿ ಹೆಚ್ಚು ಉದ್ದವಿರುವ ದಿಕ್ಕಿಗೆ ಅವನ್ನು ಇಡುತ್ತೇನೆ. ನಾಲ್ವರೂ ಡಿಸೆಂಬರಿನಲ್ಲಿ ಹೋಗುವ ವರ್ಷ ಮಕ್ಕಳು, ನಾವು ಎಕಾನಮಿಯೇ; ಆ ಹಣ ಅಮ್ಮನ ಮುಂದಿನ ಟಿಕೆಟ್ಟಿಗೆ.

ಯಾವ ದಾರಿ ಹಿಡಿದರೂ ಟಿಕೆಟ್ ಬಂದ ರಾತ್ರಿಯೇ ಬುಕಿಂಗ್ ಸಂಕೇತವನ್ನು ಏಜೆಂಟರ ತಾಣದಲ್ಲಲ್ಲ, ವಿಮಾನ ಸಂಸ್ಥೆಯ ತಾಣದಲ್ಲಿ ಹಾಕಿ, ಒಂದೊಂದು ಹಾರಾಟದ ಎದುರೂ ಯಾವ ದರ್ಜೆ ಎಂದಿದೆ ನೋಡಿ. ಹುಡುಕಾಟದ ತಾಣಗಳು ನಾಲ್ಕು ಗಂಟೆಯ ಹಾರಾಟ ಬಿಸಿನೆಸ್, ಹದಿನಾರು ಗಂಟೆಯದು ಎಕಾನಮಿ ಇರುವ ಟಿಕೆಟ್ಟನ್ನೂ ಬಿಸಿನೆಸ್ ಕ್ಲಾಸ್ ಎಂಬ ಹೆಸರಿನಲ್ಲೇ ತೋರಿಸುತ್ತವೆ, ಸಣ್ಣ ಅಕ್ಷರದಲ್ಲಿ ಮಿಶ್ರ ದರ್ಜೆ ಎಂದು ಬರೆದು. ಹಾಗಿದ್ದರೆ, ಸಂಸ್ಥೆಯಿಂದ ನೇರವಾಗಿ ಕೊಂಡ ಟಿಕೆಟ್ಟಿಗೆ ರದ್ದುಮಾಡುವ ಇಪ್ಪತ್ನಾಲ್ಕು ಗಂಟೆ ಇನ್ನೂ ಮುಗಿದಿರುವುದಿಲ್ಲ.